ಹತ್ತು ಸೆಕೆಂಡಿನ ಇ.ಸಿ.ಜಿ., ಏಳು ದಿನದ ಬಿ.ಪಿ.

2025ರ ಜುಲೈ ತಿಂಗಳಲ್ಲಿ ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆಯ ಮುಂದೆ ಬೆಳಗ್ಗೆಯೇ ಉದ್ದನೆಯ ಸಾಲು. ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಹೆದರಿದ ಜನ. ಎದೆನೋವಿದ್ದು ಬಂದವರೂ ಇದ್ದರು, ಏನೂ ಇಲ್ಲದೆ ‘ಒಂದು ಇ.ಸಿ.ಜಿ. ತೆಗೆಸಿಬಿಟ್ಟರೆ ನೆಮ್ಮದಿ’ ಎಂದು ಬಂದವರೂ ಇದ್ದರು. ನೆಮ್ಮದಿಯೇನೋ ಸಿಕ್ಕಿರಬಹುದು. ಆದರೆ ಮಲಗಿಸಿ ತೆಗೆಯುವ ಇ.ಸಿ.ಜಿ.ಯಲ್ಲಿ ಇರುವುದು ಹೃದಯದ ಸುಮಾರು 10 ಸೆಕೆಂಡಿನ ವಿದ್ಯುತ್ ಚಟುವಟಿಕೆ ಮಾತ್ರ. ರಕ್ತನಾಳ ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡಿದ್ದರೂ, ಆರಾಮವಾಗಿ ಮಲಗಿದ ಆ ಹೊತ್ತಿನಲ್ಲಿ ಹೃದಯದ ಸ್ನಾಯುವಿಗೆ ರಕ್ತ ಸಾಕಾಗಿದ್ದರೆ ಕಾಗದದ ಮೇಲೆ ಗೆರೆಗಳು ಚೆನ್ನಾಗಿಯೇ ಮೂಡುತ್ತವೆ. ಅದೇ ಮನುಷ್ಯ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಏನಾಗುತ್ತದೆ ಎಂಬುದು ಆ ಕಾಗದಕ್ಕೆ ಗೊತ್ತಿಲ್ಲ. ಟ್ರೆಡ್‌ಮಿಲ್ ಪರೀಕ್ಷೆ ಬೇರೆಯಾಗಿ ಇರುವುದೇ ಅದಕ್ಕೆ.

ಮನೆಯ ಬಿ.ಪಿ. ಮೆಷಿನ್, ಕೈಗಡಿಯಾರ, ಮೊಬೈಲ್ ಆ್ಯಪ್, ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ. ಯಂತ್ರ, ಎಲ್ಲದರ ಕತೆಯೂ ಇಷ್ಟೇ. ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಬೇರೆ ಪ್ರಶ್ನೆ ಕೇಳಿದರೂ ಸುಮ್ಮನಿರುವುದಿಲ್ಲ, ಏನೋ ಒಂದು ಸಂಖ್ಯೆ ತೋರಿಸುತ್ತದೆ. ತೊಂದರೆ ಶುರುವಾಗುವುದು ಅಲ್ಲೇ. ಇನ್ನೊಂದು ಮಾತು: ಬಂದ ಸಂಖ್ಯೆಯನ್ನು ನೋಡಿ ಮಾತ್ರೆಯನ್ನೋ ಊಟವನ್ನೋ ಬದಲಾಯಿಸುವವರು ಯಾರಾದರೂ ಇರಬೇಕು. ಇಲ್ಲದಿದ್ದರೆ ಎಷ್ಟು ಅಳೆದರೂ ಅಳತೆ ಅಳತೆಯಾಗಿಯೇ ಉಳಿಯುತ್ತದೆ.

ಮನೆಯ ಬಿ.ಪಿ. ಮೆಷಿನ್

ಹೃದಯಾಘಾತ ಮತ್ತು ಲಕ್ವ ತಡೆಯುವ ಲೆಕ್ಕದಲ್ಲಿ ಮನೆಗೆ ತರಬಹುದಾದ ಅತ್ಯುತ್ತಮ ಡಿಜಿಟಲ್ ಸಾಧನ ಯಾವುದೆಂದರೆ, ತೋಳಿಗೆ ಕಟ್ಟುವ ಸಾದಾ ಬಿ.ಪಿ. ಮೆಷಿನ್. ವಾಚಿನ ಮುಂದೆ ಇದಕ್ಕೆ ಯಾವ ಥಳುಕೂ ಇಲ್ಲ, ಆದರೆ ಕೆಲಸಕ್ಕೆ ಬರುವುದು ಇದೇ.

ಡಾಕ್ಟರು ಸ್ಟೆತೊಸ್ಕೋಪ್ ಇಟ್ಟು ಶಬ್ದ ಕೇಳಿ ಅಳೆಯುತ್ತಾರೆ. ಈ ಮೆಷಿನ್ ಶಬ್ದ ಕೇಳುವುದಿಲ್ಲ. ಪಟ್ಟಿಯಲ್ಲಿ ಗಾಳಿ ಇಳಿಯುತ್ತಾ ಹೋದಂತೆ ರಕ್ತನಾಳದ ಮಿಡಿತ ಪಟ್ಟಿಯನ್ನು ಸಣ್ಣಗೆ ಅದುರಿಸುತ್ತದೆ. ಆ ಅದುರು ಎಲ್ಲಿ ಅತಿ ಹೆಚ್ಚೋ ಅದು ಸರಾಸರಿ ಒತ್ತಡ. ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ ಎರಡನ್ನೂ ಅದರಿಂದ ಕಂಪನಿಯ ಸೂತ್ರವೊಂದು ಲೆಕ್ಕ ಹಾಕಿ ತೆಗೆಯುತ್ತದೆ. ಹಾಗಾಗಿ ಅದುರಿಗೆ ಅಡ್ಡ ಬರುವ ಏನಿದ್ದರೂ ಲೆಕ್ಕ ಕೆಡುತ್ತದೆ: ಕೈ ಅಲುಗುವುದು, ಮಾತಾಡುವುದು, ದಪ್ಪ ತೋಳು, ತಾಳ ತಪ್ಪಿದ ನಾಡಿ. ನಾಡಿ ತಾಳ ತಪ್ಪಿದವರು ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಬೇಕು. ಮಣಿಕಟ್ಟಿಗೆ ಕಟ್ಟುವ ಮೆಷಿನ್‌ನಲ್ಲಿ ಕೈ ಹೃದಯದ ಮಟ್ಟಕ್ಕಿಂತ ಒಂದಿಷ್ಟು ಕೆಳಗಿದ್ದರೂ ಸಂಖ್ಯೆ ಏರುವುದರಿಂದ, ತೋಳಿನ ಮೆಷಿನ್ ಸಿಗುವಾಗ ಅದನ್ನು ಕೊಳ್ಳಬೇಕಾಗಿಲ್ಲ.

ಅಂಗಡಿಗೆ ಹೋಗುವ ಮೊದಲು ಟೈಲರ್ ಟೇಪಿನಲ್ಲಿ ತೋಳಿನ ನಡುಭಾಗದ ಸುತ್ತಳತೆ ತೆಗೆಯಿರಿ. ಮೆಷಿನ್ ಜೊತೆ ಸಾಮಾನ್ಯವಾಗಿ ಬರುವ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ. ಅದಕ್ಕಿಂತ ದಪ್ಪ ತೋಳಿಗೆ ದೊಡ್ಡ ಪಟ್ಟಿಯನ್ನೇ ಕೇಳಿ ತರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಮೇಲಿನ ಸಂಖ್ಯೆ 5ರಿಂದ 20ರವರೆಗೂ ಹೆಚ್ಚು ತೋರಿಸಬಹುದು, ಇಲ್ಲದ ಬಿ.ಪಿ.ಗೆ ಮಾತ್ರೆ ನುಂಗುವಂತಾಗುತ್ತದೆ. ‘ನನಗೆ ಯಾವ ಮೆಷಿನ್‌ನಲ್ಲೂ ಹೆಚ್ಚೇ ತೋರಿಸುತ್ತೆ’ ಎನ್ನುವ ದಪ್ಪ ಮೈಯವರು ಮೊದಲು ಪಟ್ಟಿ ನೋಡಿಕೊಳ್ಳಬೇಕು.

ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಟೀ, ಬೀಡಿ, ಸಿಗರೇಟು ಬೇಡ. ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ ಕೂಡ ಇದೇ ಲೆಕ್ಕಕ್ಕೆ ಬರುತ್ತವೆ. ಅವುಗಳಲ್ಲೂ ನಿಕೋಟಿನ್ ಇದೆ ಎಂಬುದು ನಮ್ಮ ಕಡೆ ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ಮೂತ್ರಕ್ಕೆ ಹೋಗಿ ಬನ್ನಿ, ಕಟ್ಟಿಕೊಂಡು ಕೂತರೆ ಬಿ.ಪಿ. ಏರುತ್ತದೆ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಕೂರಿ. ತೋಳು ಮೇಜಿನ ಮೇಲೆ, ಪಟ್ಟಿ ಹೃದಯದ ಮಟ್ಟದಲ್ಲಿ. ಕೈ ಕೆಳಕ್ಕೆ ಜೋತುಬಿದ್ದರೆ ಪ್ರತಿ ಅಂಗುಲಕ್ಕೆ ಸುಮಾರು 2ರಂತೆ ಸಂಖ್ಯೆ ಹೆಚ್ಚುತ್ತದೆ. ಪಟ್ಟಿ ಬರಿಮೈ ಮೇಲೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ. ಅಂಗಿಯ ತೋಳನ್ನು ಬಿಗಿಯಾಗಿ ಮೇಲೆ ಸುತ್ತಿದರೆ ಅದೇ ಇನ್ನೊಂದು ಪಟ್ಟಿಯಾಗುತ್ತದೆ, ಕಳಚುವುದೇ ವಾಸಿ. ಅಳೆಯುವಾಗ ಮಾತು ಬೇಡ, ‘ಎಷ್ಟು ಬಂತು?’ ಎಂದು ಕೇಳಿದವರಿಗೆ ಉತ್ತರ ಕೊಡುವುದೂ ಮಾತೇ.

ಮೊದಲ ದಿನ ಎರಡೂ ತೋಳಿನಲ್ಲಿ ನೋಡಿ, ಹೆಚ್ಚು ಬಂದ ತೋಳನ್ನೇ ಮುಂದಕ್ಕೆ ಇಟ್ಟುಕೊಳ್ಳಿ. ಆಮೇಲೆ ಏಳು ದಿನ, ಬೆಳಿಗ್ಗೆ ಮಾತ್ರೆ ಮತ್ತು ತಿಂಡಿಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು. ಈ ಏಳರಲ್ಲಿ ಮೊದಲ ದಿನದ ನಾಲ್ಕನ್ನು ಹೊಡೆದುಹಾಕಿ ಉಳಿದ 24ರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡವೇ. ಕ್ಲಿನಿಕ್ಕಿನಲ್ಲಿ ಈ ಗೆರೆ 140/90ಕ್ಕೆ ಇರುವುದು ಏಕೆಂದರೆ, ಆಸ್ಪತ್ರೆಯ ಬೆಂಚಿನಲ್ಲಿ ಕಾದು ಕೂತವರ ಒತ್ತಡ ಸಹಜವಾಗಿ ಒಂದಿಷ್ಟು ಏರಿರುತ್ತದೆ. ಕೆಲವರದ್ದು ತಿರುಗುಮುರುಗು, ಕ್ಲಿನಿಕ್ಕಿನಲ್ಲಿ ಸರಿಯಾಗಿದ್ದು ಮನೆಯಲ್ಲಿ ಹೆಚ್ಚು. ಇಂಥವರನ್ನು ಹಿಡಿಯಲು ಮನೆಯ ಮೆಷಿನ್ ಇಲ್ಲದೆ ಆಗುವುದಿಲ್ಲ.

ಒಂದೇ ಸಲಕ್ಕೆ 180/120 ದಾಟಿದರೆ? ಐದು ನಿಮಿಷ ಸುಮ್ಮನೆ ಕೂತು ಮತ್ತೆ ಅಳೆಯಿರಿ. ಮತ್ತೆಯೂ ಅಷ್ಟೇ ಇದ್ದು ಎದೆನೋವು, ಏದುಸಿರು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ 108ಕ್ಕೆ ಕರೆ ಮಾಡಿ. ಇವೇನೂ ಇಲ್ಲದಿದ್ದರೆ ಗಾಬರಿ ಬೀಳದೆ ಅವತ್ತೇ ನಿಮ್ಮ ಡಾಕ್ಟರನ್ನು ವಿಚಾರಿಸಿ. ನೀವಾಗಿಯೇ ಎರಡು ಮಾತ್ರೆ ನುಂಗುವುದಾಗಲಿ, ಯಾರೋ ಹೇಳಿದರೆಂದು ಕ್ಯಾಪ್ಸೂಲ್ ಒಡೆದು ನಾಲಗೆ ಕೆಳಗೆ ಇಡುವುದಾಗಲಿ ಬೇಡ. ಒತ್ತಡ ದಢಕ್ಕನೆ ಬಿದ್ದರೆ ಮಿದುಳಿಗೆ ರಕ್ತ ಸಾಲದೆ ಲಕ್ವವೇ ಆಗಬಹುದು.

ಈ ಅಳತೆಯಿಂದ ಲಾಭವಿದೆಯೇ ಎಂದು ಬ್ರಿಟನ್ನಿನಲ್ಲಿ 1,182 ಜನರ ಮೇಲೆ ನಡೆದ ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ, ಇನ್ನೊಂದು ಮನೆಯಲ್ಲೇ ಅಳೆದು ಬರೆದಿಟ್ಟು ಡಾಕ್ಟರಿಗೆ ತೋರಿಸಿತು, ಮೂರನೆಯದು ಅಳೆದು ಮೊಬೈಲ್ ಮೂಲಕ ಕಳಿಸಿತು. ವರ್ಷದ ಕೊನೆಗೆ ಮೇಲಿನ ಬಿ.ಪಿ. ಸರಾಸರಿ ಕ್ರಮವಾಗಿ 140.4, 137.0, 136.0. ಮೊಬೈಲಿಗೂ ಪುಸ್ತಕಕ್ಕೂ ನಡುವೆ ಇದ್ದ ವ್ಯತ್ಯಾಸ ಒಂದೇ ಒಂದು ಅಂಕ. ಇಳಿಕೆ ಬಂದದ್ದು ಮನೆಯ ಸಂಖ್ಯೆ ನೋಡಿ ಡಾಕ್ಟರು ಮಾತ್ರೆ ಹೊಂದಿಸಿದ್ದರಿಂದ. ಮಗಳು ಬೆಂಗಳೂರಿನಿಂದ ಹಾಕಿಕೊಟ್ಟ ಆ್ಯಪ್ ಅರ್ಥವಾಗದೆ ಒದ್ದಾಡುವ ಮಂಡ್ಯದ ಅಜ್ಜನಿಗೆ ನೂರು ಪುಟದ ನೋಟ್‌ಬುಕ್ ಸಾಕು. ಬಂದದ್ದನ್ನು ಬಂದಹಾಗೆ ಬರೆಯಬೇಕು ಅಷ್ಟೆ. ಹೆಚ್ಚು ಬಂದದ್ದನ್ನು ಬಿಟ್ಟು ಚೆನ್ನಾಗಿ ಕಂಡದ್ದನ್ನು ಮಾತ್ರ ಬರೆಯುವ ಅಭ್ಯಾಸ ಬಹಳ ಮಂದಿಗಿದೆ.

ಕೈಗಡಿಯಾರಕ್ಕೆ ಕಾಣುವುದು, ಕಾಣದಿರುವುದು

ವಾಚಿನ ಹಿಂದೆ ಮಿನುಗುವ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಮಿಡಿತಕ್ಕೆ ಚರ್ಮದ ಕೆಳಗೆ ರಕ್ತ ಹೆಚ್ಚಿ ಕಡಿಮೆಯಾದಂತೆ ಹಿಂದಿರುಗುವ ಬೆಳಕೂ ಏರಿಳಿಯುತ್ತದೆ. ವಾಚ್ ಎಣಿಸುವುದು ಆ ಏರಿಳಿತವನ್ನು. ಪಟ್ಟಿ ಸಡಿಲವಿದ್ದರೆ, ಕೈ ತಣ್ಣಗಿದ್ದರೆ, ಮಣಿಕಟ್ಟಿನಲ್ಲಿ ಹಚ್ಚೆ ಇದ್ದರೆ ಎಣಿಕೆ ತಪ್ಪುತ್ತದೆ. ಅಗ್ಗದ ಕೆಲವು ವಾಚುಗಳನ್ನು ನಂಜನಗೂಡು ರಸಬಾಳೆಗೆ ಕಟ್ಟಿದರೂ ನಾಡಿ ತೋರಿಸುತ್ತವೆ! ಬೆಳಕು ಹೇಗೋ ಹಿಂದಿರುಗಿತು, ಏನೋ ಒಂದು ಸಂಖ್ಯೆ ಹೇಳಬೇಕಲ್ಲ.

ದುಬಾರಿ ವಾಚುಗಳಲ್ಲಿ ಇ.ಸಿ.ಜಿ.ಯೂ ಇದೆ. ಒಂದು ಕೈಗೆ ವಾಚ್, ಇನ್ನೊಂದು ಕೈಯ ಬೆರಳನ್ನು ಅದರ ಗುಂಡಿಯ ಮೇಲೆ 30 ಸೆಕೆಂಡು ಇಟ್ಟರೆ ಎರಡು ಕೈಗಳ ನಡುವಿನ ಒಂದು ನೋಟ ಸಿಗುತ್ತದೆ. ಆಸ್ಪತ್ರೆಯ ಯಂತ್ರ ಹೃದಯವನ್ನು 12 ಕಡೆಯಿಂದ ನೋಡುತ್ತದೆ. ಹೃದಯದ ಮುಂಗೋಡೆಗೋ ಕೆಳಗೋಡೆಗೋ ರಕ್ತ ನಿಂತರೆ ವಾಚಿನ ಆ ಒಂದು ನೋಟದಲ್ಲಿ ಅದು ಕಾಣದೆ ಹೋಗಬಹುದು. ಅರಮನೆಯನ್ನು ವರಾಹ ದ್ವಾರದಿಂದ ನೋಡಿ, ಜಯಮಾರ್ತಾಂಡ ದ್ವಾರದ ಬಳಿ ಬೆಂಕಿ ಬಿದ್ದಿಲ್ಲ ಎಂದ ಹಾಗೆ. ಎದೆನೋವು ಬಂದಾಗ ವಾಚಿನಲ್ಲಿ ‘ಸಾಮಾನ್ಯ’ ಎಂದು ಬಂತೆಂದು ಮನೆಯಲ್ಲಿ ಕೂರುವುದು ಅಪಾಯ.

ವಾಚ್ ಚೆನ್ನಾಗಿ ಹಿಡಿಯಬಲ್ಲದ್ದು ಹೃತ್ಕರ್ಣದ ಕಂಪನವನ್ನು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಮಿಡಿಯದೆ ಅದುರುತ್ತವೆ, ನಾಡಿ ತಾಳ ತಪ್ಪುತ್ತದೆ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಲಕ್ವ ತರುತ್ತದೆ. ಇದಿದ್ದವರಿಗೆ ಲಕ್ವದ ಸಾಧ್ಯತೆ ಸುಮಾರು ಐದು ಪಟ್ಟು. ಬಂದು ಹೋಗುವ ತೊಂದರೆಯಾದ್ದರಿಂದ ಆಸ್ಪತ್ರೆಯ 10 ಸೆಕೆಂಡಿಗೆ ಸಿಗದೆ, ದಿನವಿಡೀ ಕೈಯಲ್ಲಿರುವ ವಾಚಿಗೆ ಸಿಕ್ಕಿಬೀಳುತ್ತದೆ. ಅಮೆರಿಕದಲ್ಲಿ 4,19,297 ಜನ ಆ್ಯಪಲ್ ವಾಚ್ ಕಟ್ಟಿಕೊಂಡು ನಡೆದ ಅಧ್ಯಯನದಲ್ಲಿ (ಪ್ರಕಟವಾದದ್ದು 2019) ಎಚ್ಚರಿಕೆ ಬಂದದ್ದು ಶೇ 0.52 ಮಂದಿಗೆ. ಅವರಲ್ಲಿ ಎದೆಗೆ ಇ.ಸಿ.ಜಿ. ಪ್ಯಾಚ್ ಅಂಟಿಸಿಕೊಂಡು ಮತ್ತೆ ನೋಡಿಸಿಕೊಂಡವರ ಪೈಕಿ ಶೇ 34 ಜನರಲ್ಲಿ ಕಂಪನ ಮತ್ತೆ ಸಿಕ್ಕಿತು. ಹಾಗಾಗಿ ಎಚ್ಚರಿಕೆ ಬಂದರೆ ತಳ್ಳಿಹಾಕಲೂಬಾರದು, ಅದೊಂದನ್ನೇ ನಂಬಿ ರಕ್ತ ತೆಳುವಾಗಿಸುವ ಮಾತ್ರೆ ಶುರು ಮಾಡಲೂಬಾರದು. ವಾಚಿನ ದಾಖಲೆಯನ್ನು ಪಿ.ಡಿ.ಎಫ್. ಮಾಡಿಕೊಂಡು ಹೋಗಿ ತೋರಿಸಿ. ಡಾಕ್ಟರು 12 ನೋಟದ ಇ.ಸಿ.ಜಿ., ಬೇಕಾದರೆ 24 ಗಂಟೆ ಮೈಮೇಲೇ ಇದ್ದು ಇ.ಸಿ.ಜಿ. ದಾಖಲಿಸುವ ಹೋಲ್ಟರ್ ಹಾಕಿಸುತ್ತಾರೆ.

ವಾಚಿನ ಬಿ.ಪಿ. ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅದು ಅಂದಾಜು. ಸ್ಯಾಮ್‌ಸಂಗ್ ತನ್ನ ವಾಚನ್ನು 28 ದಿನಕ್ಕೊಮ್ಮೆ ತೋಳಿನ ಮೆಷಿನ್ ಜೊತೆ ಹೊಂದಿಸಿ ಎಂದು ತಾನೇ ಹೇಳುತ್ತದೆ. ಆ ಮೆಷಿನ್ ಮನೆಗೆ ಬಂದ ಮೇಲೆ ವಾಚಿನಿಂದ ಅಳೆಯುವುದೇಕೆ?

ಎದೆನೋವು ಬಂದ ಹೊತ್ತು

ಡಿಜಿಟಲ್ ವ್ಯವಸ್ಥೆ ನಿಜವಾಗಿ ಜೀವ ಉಳಿಸುವುದು ಇಲ್ಲಿ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ರಚನೆ ಎತ್ತಿನಗಾಡಿಯ ಚಕ್ರದಂತೆ: ಸುತ್ತಲಿನ ಅರಗಳು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳು, ನಡುವಿನ ಗುಂಬ ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆ. ತಾಲ್ಲೂಕಿನಲ್ಲಿ ತೆಗೆದ ಇ.ಸಿ.ಜಿ. ಇಂಟರ್‌ನೆಟ್ ಮೂಲಕ ಹೋಗುತ್ತದೆ, ಕೃತಕ ಬುದ್ಧಿಮತ್ತೆಯ ತಂತ್ರಾಂಶ ಮತ್ತು ತಜ್ಞರು ನೋಡುತ್ತಾರೆ, ರಕ್ತನಾಳ ಪೂರ್ತಿ ಮುಚ್ಚಿದೆ ಎಂದು ಕಂಡರೆ ಅಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡುತ್ತಾರೆ. ಹೊರಗಡೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಈ ಔಷಧ ಅಲ್ಲಿ ಉಚಿತ.

ಚುಚ್ಚುಮದ್ದು ಏಕೆ, ಸೀದಾ ಮೈಸೂರಿಗೆ ಹೋಗಿ ಸ್ಟೆಂಟ್ ಹಾಕಿಸಬಾರದೇ? ಲೆಕ್ಕ ಹೀಗಿದೆ. ಇ.ಸಿ.ಜಿ.ಯಲ್ಲಿ ಗೊತ್ತಾದ ಕ್ಷಣದಿಂದ 120 ನಿಮಿಷದೊಳಗೆ ರಕ್ತನಾಳ ಬಿಡಿಸಲು ಆಗುವುದಾದರೆ ಸ್ಟೆಂಟ್ ಹಾಕುವ ಆಂಜಿಯೋಪ್ಲಾಸ್ಟಿಯೇ ಮೇಲು. ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ., ಆಗಬಹುದು ಅನ್ನಿಸುತ್ತದೆ. ಆದರೆ ಆಂಬುಲೆನ್ಸ್ ಬರಬೇಕು, ದೊಡ್ಡ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕುವ ಕೋಣೆ (ಕ್ಯಾಥ್‌ಲ್ಯಾಬ್) ಖಾಲಿ ಇರಬೇಕು, ತಂಡ ಸೇರಬೇಕು. ಇದೆಲ್ಲವೂ ಆ 120ರೊಳಗೇ. ನಾಗಮಂಗಲದಿಂದಲೋ ಎಚ್.ಡಿ. ಕೋಟೆಯ ಕಾಡಂಚಿನ ಊರಿನಿಂದಲೋ ಹೊರಟರೆ ಲೆಕ್ಕ ಮೀರುವುದೇ ಹೆಚ್ಚು. ಆಗ ಹತ್ತಿರದಲ್ಲೇ ಹೆಪ್ಪು ಕರಗಿಸುವುದು ಜಾಣತನ. ಚುಚ್ಚುಮದ್ದು ಮೊದಲ ಮೂರು ಗಂಟೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, 12 ಗಂಟೆಯಾದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಪ್ರಮಾಣ ತೂಕದ ಮೇಲೆ: 60 ಕೆ.ಜಿ.ಗಿಂತ ಕಡಿಮೆಯಿದ್ದರೆ 30 ಮಿ.ಗ್ರಾಂ., ನಂತರ ಪ್ರತಿ 10 ಕೆ.ಜಿ.ಗೆ 5 ಏರುತ್ತಾ 90 ದಾಟಿದವರಿಗೆ 50. 75 ವರ್ಷ ಮೀರಿದವರಿಗೆ ಅರ್ಧ ಕೊಡುವುದುಂಟು. ಒಂದೇ ಸಲಕ್ಕೆ, ಕೆಲವೇ ಸೆಕೆಂಡುಗಳಲ್ಲಿ ರಕ್ತನಾಳಕ್ಕೆ.

ನೂರರಲ್ಲಿ ಸುಮಾರು ಒಬ್ಬರಿಗೆ ಈ ಔಷಧದಿಂದ ಮಿದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯವಿದೆ. ಅದಕ್ಕೇ ಹಿಂದೆ ಲಕ್ವ ಆಗಿತ್ತೇ, ಈಚೆಗೆ ಆಪರೇಷನ್ ಆಗಿದೆಯೇ, ತಲೆಗೆ ಪೆಟ್ಟು ಬಿದ್ದಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಕೇಳುತ್ತಾರೆ. ಜೊತೆಗೆ ಬಂದವರಿಗೆ ಉತ್ತರ ಗೊತ್ತಿರಬೇಕು. ‘ಭಾವ ಊರಿಂದ ಬರಲಿ, ಕೇಳಿ ಸಹಿ ಹಾಕುತ್ತೇವೆ’ ಎಂದು ಕಾದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಚುಚ್ಚುಮದ್ದಿನಿಂದ ನೋವು ಹೋಯಿತೆಂದು ಮನೆಗೆ ಹೊರಡುವಂತೆಯೂ ಇಲ್ಲ: ಹೆಪ್ಪು ಕರಗಿದರೂ ಕಿರಿದಾದ ಜಾಗ ಹಾಗೇ ಇರುತ್ತದೆ. ಎಲ್ಲ ಸರಿಹೋದರೂ 2ರಿಂದ 24 ಗಂಟೆಯೊಳಗೆ ರಕ್ತನಾಳದ ಚಿತ್ರ ತೆಗೆಯುವ ಆಂಜಿಯೋಗ್ರಾಂ. 60–90 ನಿಮಿಷದಲ್ಲಿ ಇ.ಸಿ.ಜಿ.ಯ ಏರಿದ ಗೆರೆಗಳು ಇಳಿಯದೆ ನೋವು ಉಳಿದರೆ ತಕ್ಷಣ.

ಈ ಸರಪಳಿ ತುಂಡಾಗುವುದು ಬಹಳ ಸಣ್ಣ ಕಡೆಗಳಲ್ಲಿ. ಇ.ಸಿ.ಜಿ.ಗೆ ಹತ್ತು ತಂತಿ: ಕೈಕಾಲಿಗೆ ನಾಲ್ಕು, ಎದೆಗೆ ಆರು. ಬಲಗೈ ಎಡಗೈ ತಂತಿ ಅದಲುಬದಲಾದರೆ ಮೊದಲ ನೋಟದ ಗೆರೆಯೇ ತಲೆಕೆಳಗು. ಎದೆಯ ಮೊದಲೆರಡು ಬಿಲ್ಲೆ ನಾಲ್ಕನೇ ಪಕ್ಕೆಸಂದಿನಲ್ಲಿ ಕೂರಬೇಕು. ಅವಸರದಲ್ಲಿ ಎರಡನೆಯದಕ್ಕೆ ಅಂಟಿಸಿದರೆ ಇಲ್ಲದ ರೋಗ ಕಾಣುತ್ತದೆ. ಬೆವರು, ಮೈಗೆ ಹಚ್ಚಿದ ಎಣ್ಣೆ, ಎದೆಗೂದಲು ಇದ್ದರೆ ಬಿಲ್ಲೆ ಹಿಡಿಯದೆ ಗೆರೆ ಅಲೆಅಲೆಯಾಗುತ್ತದೆ. ತಂತ್ರಾಂಶ ಎಷ್ಟೇ ಬುದ್ಧಿವಂತವಾದರೂ ತಪ್ಪಾಗಿ ಅಂಟಿಸಿದ್ದನ್ನು ತಪ್ಪಾಗಿಯೇ ಓದುವ ಸಾಧ್ಯತೆ ಹೆಚ್ಚು. ಇನ್ನೊಂದು: ಮೊದಲ ಇ.ಸಿ.ಜಿ. ಸರಿಯಾಗಿದೆ ಎಂದಾಕ್ಷಣ ಹೃದಯಾಘಾತ ಇಲ್ಲವೆಂದಲ್ಲ. ನೋವು ಇದ್ದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬರುವ ಟ್ರೊಪೋನಿನ್ ನೋಡಬೇಕು.

ಇಷ್ಟೆಲ್ಲಕ್ಕೂ ಮೊದಲಿನ ತಡ ಮನೆಯಲ್ಲೇ ಆಗುತ್ತದೆ. ‘ಗ್ಯಾಸು ಕಣೋ, ಒಂದ್ ಸೋಡಾ ತಗೊಂಬಾ’ ಎಂದು ಹೋದ ಎರಡು ಗಂಟೆಯನ್ನು ಯಾವ ಆ್ಯಪೂ ತಂದುಕೊಡುವುದಿಲ್ಲ. ಎದೆ ಹಿಂಡಿದಂತಾಗಿ ನೋವು ದವಡೆಗೋ ಎಡತೋಳಿಗೋ ಹರಿದರೆ, ತಣ್ಣನೆಯ ಬೆವರು ಬಂದರೆ ಅದನ್ನು ಗ್ಯಾಸು ಅನ್ನಬೇಡಿ. ಶುಗರ್ ಇರುವವರಿಗೆ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಕಾಣಬಹುದು.

ತೂಕದ ಮೆಷಿನ್ ಮತ್ತು ಮೆಸೇಜು

ಹೃದಯ ಸೋತು ಕಾಲು ಊದಿಕೊಳ್ಳುವವರಿಗೆ ತೂಕದ ಮೆಷಿನ್ನೇ ಮುಖ್ಯ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದು, ಕಾಫಿಗೆ ಮುಂಚೆ, ಒಂದೇ ಬಗೆಯ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲೆ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಉಸಿರು ಕಟ್ಟುವ ಮೊದಲೇ ಡಾಕ್ಟರಿಗೆ ಹೇಳಿದರೆ ನೀರು ಹೋಗುವ ಮಾತ್ರೆ ಹೊಂದಿಸಿ ಆಸ್ಪತ್ರೆ ಸೇರುವುದನ್ನು ತಪ್ಪಿಸಬಹುದು. ಏರಿಕೆಗೆ ಕಾರಣ ಹುಡುಕಿದರೆ ಎಷ್ಟೋ ಸಲ ಸಿಗುವುದು ಹಬ್ಬದೂಟದ ಹಪ್ಪಳ, ಉಪ್ಪಿನಕಾಯಿ.

ಈ ತೂಕವನ್ನು ಫೋನಿನಲ್ಲಿ ಕಳಿಸುವ ಪ್ರಯೋಗಗಳ ಫಲ ವಿಚಿತ್ರವಾಗಿದೆ. ಅಮೆರಿಕದಲ್ಲಿ 1,653 ರೋಗಿಗಳು ದಿನವೂ ಸ್ವಯಂಚಾಲಿತ ಫೋನಿಗೆ ವರದಿ ಒಪ್ಪಿಸಿದರು. 2010ರಲ್ಲಿ ಬಂದ ಫಲಿತಾಂಶದಲ್ಲಿ ಏನೂ ಲಾಭ ಕಾಣಲಿಲ್ಲ. ಜರ್ಮನಿಯ 2018ರ ಅಧ್ಯಯನದಲ್ಲಿ ಹಗಲಿರುಳೂ ಡಾಕ್ಟರು, ನರ್ಸ್ ಕೂತ ಕೇಂದ್ರಕ್ಕೆ ಮಾಹಿತಿ ಹೋಗುತ್ತಿತ್ತು. ಅಲ್ಲಿ ಸಾವುಗಳೇ ಕಡಿಮೆಯಾದವು. ತೂಕದ ಜೊತೆ ಬಿ.ಪಿ., ಇ.ಸಿ.ಜಿ.ಯೂ ಹೋಗುತ್ತಿದ್ದವು, ನಿಜ. ಜೊತೆಗೆ ಆ ಕಡೆ ಒಬ್ಬರು ಫೋನ್ ಎತ್ತಿ ‘ಇವತ್ತು ಮಾತ್ರೆ ಬದಲಾಯಿಸೋಣ’ ಎಂದರು.

ಹರಿಯಾಣ ಮತ್ತು ನಮ್ಮ ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದ ಎಂ-ವೆಲ್‌ಕೇರ್ ಪರೀಕ್ಷೆಯೂ ಇಲ್ಲಿ ನೆನಪಾಗಬೇಕು. ಟ್ಯಾಬ್ಲೆಟ್‌ನಲ್ಲಿ ಚಿಕಿತ್ಸೆಯ ಸಲಹೆ ಬರುವ ಕೇಂದ್ರಗಳಲ್ಲೂ, ಟ್ಯಾಬ್ಲೆಟ್ ಇಲ್ಲದೆ ನರ್ಸುಗಳಿಗೆ ಡಾಕ್ಟರುಗಳಿಗೆ ತರಬೇತಿ ಕೊಟ್ಟ ಕೇಂದ್ರಗಳಲ್ಲೂ ಬಿ.ಪಿ. ಒಂದೇ ರೀತಿ ಇಳಿಯಿತು. ಇನ್ನೊಂದು ಕಡೆ, ಆಸ್ಟ್ರೇಲಿಯಾದಲ್ಲಿ 710 ಹೃದ್ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ವಾರಕ್ಕೆ ನಾಲ್ಕು ಸಾದಾ ಎಸ್ಸೆಮ್ಮೆಸ್ ಆರು ತಿಂಗಳು ಹೋದವು. ಅವರ ಮೇಲಿನ ಬಿ.ಪಿ. ಉಳಿದವರಿಗಿಂತ 7.6ರಷ್ಟು ಕಡಿಮೆಯಿತ್ತು, ಬೀಡಿ ಸಿಗರೇಟು ಬಿಟ್ಟವರೂ ಹೆಚ್ಚು. ಸ್ಟೆಂಟ್ ಹಾಕಿಸಿಕೊಂಡವರು ಹುಷಾರಾದೆವೆಂದು ಮಾತ್ರೆ ಬಿಟ್ಟು ಸ್ಟೆಂಟಿನಲ್ಲೇ ಹೆಪ್ಪುಗಟ್ಟಿಸಿಕೊಳ್ಳುವುದುಂಟು. ಅವರಿಗೆ ಫೋನಿನ ಅಲಾರಂ ಕೂಡ ದೊಡ್ಡ ತಂತ್ರಜ್ಞಾನವೇ.

ಕಾಗದ ಉಳಿಸಿಕೊಳ್ಳುವುದು

14 ಅಂಕಿಯ ಆಭಾ (ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ ಮಾಡಿಸಿಕೊಂಡರೆ ಆಸ್ಪತ್ರೆ ಬದಲಾದರೂ ವರದಿಗಳನ್ನು ಒಂದೆಡೆ ಜೋಡಿಸಬಹುದು. ಆದರೆ ಆಸ್ಪತ್ರೆಯವರು ಅಲ್ಲಿಗೆ ವರದಿ ಏರಿಸಿದ್ದರೆ ಮಾತ್ರ. ಅಲ್ಲಿಯವರೆಗೆ ನಿಮ್ಮ ಫೋನೇ ಗತಿ. ಇ.ಸಿ.ಜಿ. ಫೋಟೋ ತೆಗೆಯುವಾಗ ಕಾಗದವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ನೇರ ಮೇಲಿನಿಂದ, ನೆರಳು ಬೀಳದಂತೆ ತೆಗೆಯಿರಿ. ಅಂಚಿನಲ್ಲಿರುವ ಹೆಸರು, ದಿನಾಂಕ, ವೇಗ 25 ಮಿ.ಮೀ. ಎಂಬ ಬರಹ ಕತ್ತರಿಸಿಹೋಗಬಾರದು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಸಣ್ಣ ಚೌಕಗಳು ಕಲಸಿಹೋಗಬಹುದು, ಡಾಕ್ಯುಮೆಂಟ್ ಆಗಿ ಕಳಿಸಿ.

ಎದೆನೋವಿನಿಂದ ಹೋದಾಗ ಹೊಸ ಇ.ಸಿ.ಜಿ.ಯಲ್ಲಿ ಕಾಣುವ ಬದಲಾವಣೆ ಇವತ್ತಿನದೋ ಹಳೆಯದೋ ಎಂದು ತೀರ್ಮಾನಿಸಲು ಡಾಕ್ಟರಿಗೆ ಬೇಕಾಗುವುದು ಚೆನ್ನಾಗಿದ್ದಾಗ ತೆಗೆದ ಹಳೆಯ ಇ.ಸಿ.ಜಿ. 2025ರ ಜುಲೈನಲ್ಲಿ ಹೆದರಿ ಸಾಲಿನಲ್ಲಿ ನಿಂತು ತೆಗೆಸಿದ ಆ 10 ಸೆಕೆಂಡಿನ ಕಾಗದ ಕೆಲಸಕ್ಕೆ ಬರುವುದು ಆವಾಗ. ಆದರೆ ಅದು ಬಿಸಿಯಿಂದ ಅಚ್ಚಾಗುವ ಕಾಗದ. ಲ್ಯಾಮಿನೇಷನ್ ಮಾಡಿಸಿದರೆ ಪೂರ್ತಿ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಗೆರೆಗಳು ಮಾಸುತ್ತವೆ. ಬೀರುವಿನಲ್ಲಿ ಇನ್ನೂ ಇದ್ದರೆ ಇವತ್ತೇ ಒಂದು ಜೆರಾಕ್ಸ್ ತೆಗೆಸಿ, ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.